ಬಾಗ್ಲು ಮುಚ್ಚಿದ್ಯಾ?

ಪಿಯುಸಿ ಮುಗಿಸಿ ಸಿಇಟಿ ರಿಸಲ್ಟ್‌ಗೆ ಕಾಯ್ತಿದ್ದ ರಜೆ. ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆ. ಎಲೆಕ್ಟ್ರಿಕಲ್ ಬ್ರಾಂಚ್ ತಗೋತೀನಿ ಅಂತ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದೆ. ಹಾಗಾಗಿ ಮನೆಯಲ್ಲಿದ್ದ ಕೆಟ್ಟ ಬಲ್ಬು, ಸಡಿಲ ಸ್ವಿಚ್ಚು ಎಲ್ಲ ನನ್ನ ಪಾಲಿಗೇ ಬಂತು.

ಜಗಲಿಯಲ್ಲಿ ಮೀಟರ್ ಬೋರ್ಡ್ ಪಕ್ಕ ಮಣ್ಣಿನ ಗೋಡೆಯಲ್ಲಿ ಒಂದು ತೂತು. ಹಳೇ ವೈರಿಂಗ್ ತೆಗೆದಾಗ ಉಳಿದಿದ್ದು. ಅದರ ಬಾಯಿಗೆ ಕಂದು ಬಣ್ಣದ, ಅಂಟಂಟಾದ ಪುಟ್ಟ ಕೊಳವೆ. ಸುತ್ತ ಇರುವೆ ಗಾತ್ರದ ಕಪ್ಪು ನೊಣಗಳು. ಮೀಟರ್ ಪಕ್ಕ ಹುಳ ಇರಬಾರದು ಅಂತ ನಾನೇ ತೀರ್ಮಾನ ಮಾಡಿದೆ. ಕೊಳವೆ ಕಿತ್ತು, ವೈಟ್ ಸಿಮೆಂಟ್ ಕಲಸಿ ತುಂಬಿ, ಬೆರಳಲ್ಲಿ ನೈಸ್ ಮಾಡಿದೆ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪ್‌ಗೂ ಹಾಕಿದೆ.

ಅರ್ಧ ಗಂಟೆ ಬಿಟ್ಟು ನೋಡಿದ್ರೆ ಸಿಮೆಂಟ್ ಮೇಲೆ ನೊಣಗಳು. ಹತ್ತು, ಐವತ್ತು, ಆಮೇಲೆ ಎಣಿಸೋಕೆ ಆಗಲಿಲ್ಲ. ತೂತು ಇದ್ದ ಜಾಗದಲ್ಲೇ ಬಂದು ಕೂತು, ಎದ್ದು, ಮತ್ತೆ ಕೂರ್ತಿದ್ದವು. ಕೆಲವದರ ಹಿಂಗಾಲಲ್ಲಿ ಹಳದಿ ಉಂಡೆ. ಪರಾಗ! ನೊಣ ಯಾಕೆ ಪರಾಗ ಹೊತ್ಕೊಂಡು ಬರತ್ತೆ ಅಂತ ಯೋಚಿಸ್ತಿರುವಾಗ ಅಜ್ಜಿ ತೋಟದಿಂದ ಬಂದರು.

"ನಸರಿ ಅಲ್ವೇನೋ ಅದು? ಬಾಗ್ಲು ಮುಚ್ಚಿದ್ಯಾ?"

ಬೈಯಲಿಲ್ಲ. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದುಕೊಟ್ಟರು. "ವೈರಿಂಗ್ ಮಾಡಿಸಿದಾಗ ನಿಮ್ಮಜ್ಜ ಬೇಕಂತಲೇ ಆ ತೂತು ಬಿಟ್ಟಿದ್ರು" ಅಂದರು ಅಷ್ಟೇ. ಅಜ್ಜ ಹೋಗಿ ಆಗಲೇ ನಾಲ್ಕು ವರ್ಷ ಆಗಿತ್ತು.

ಮೇನ್ ಆಫ್ ಮಾಡಿ ಅರ್ಧ ಒಣಗಿದ ಸಿಮೆಂಟ್ ಕೆರೆಯೋಕೆ ಕೂತೆ. ಅವು ಕೂದಲಿಗೆ, ಕಿವಿಗೆ ನುಗ್ಗಿ ಕಚ್ಚಿದವು. ನಸರಿಗೆ ಚುಚ್ಚೋಕೆ ಬರಲ್ಲ, ಅದು ಮಾಡೋದೇ ಇಷ್ಟು. ತೂತು ತೆರೆದಾಗ ಕತ್ತಲಾಗಿತ್ತು. ಬೆಳಿಗ್ಗೆ ಗೋಡೆ ಕೆಳಗೆ ಸತ್ತು ಬಿದ್ದವನ್ನ ಅಜ್ಜಿ ಗುಡಿಸಲಿಲ್ಲ. ನಾನೇ ಗುಡಿಸಿದೆ. ಮೂರನೇ ದಿನ ತೂತಿನ ಬಾಯಲ್ಲಿ ಕಂದು ಉಂಗುರದ ಹಾಗೆ ಹೊಸ ಕೊಳವೆ ಶುರುವಾಗಿತ್ತು.

ಆಮೇಲೆ ಓದಿ ತಿಳ್ಕೊಂಡೆ. ನಸರಿ ಸುಮಾರು 4 ಮಿಲಿಮೀಟರ್ ಉದ್ದದ ಜೇನು. ಕರಾವಳಿ ಕಡೆ ಮುಜಂಟಿ ಅಂತಾರೆ. ಮರದ ಪೊಟರೆ, ಗೋಡೆ ಬಿರುಕು, ಖಾಲಿ ಪೈಪು, ಎಲ್ಲಿ ಸಂದಿ ಸಿಕ್ಕರೂ ಮನೆ ಮಾಡತ್ತೆ. ಮೇಣಕ್ಕೆ ಮರದ ಅಂಟು ಬೆರೆಸಿ ಬಾಗಿಲಿಗೆ ಕೊಳವೆ ಕಟ್ಟಿ, ಅಲ್ಲಿ ಕಾವಲಿಗೆ ನಿಲ್ಲತ್ತೆ. ತುಪ್ಪ ಇಡೋದು ಆರು ಮೂಲೆಯ ಕೋಣೆಯಲ್ಲಲ್ಲ, ಪುಟ್ಟ ಪುಟ್ಟ ಮಡಕೆಗಳಲ್ಲಿ. ಸಿಗೋದು ಸ್ವಲ್ಪವೇ, ಹುಳಿ ಮಿಶ್ರಿತ ಸಿಹಿ, ಹಳ್ಳಿಗಳಲ್ಲಿ ಔಷಧಿಗೆ ಅಂತ ಇಟ್ಕೋತಾರೆ. ಇದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಸ್ಟಿಂಗ್‌ಲೆಸ್ ಬೀ, ಅಂದ್ರೆ ಅದರಲ್ಲಿ ಇಲ್ಲದಿರೋದನ್ನ ಹೇಳೋ ಹೆಸರು. ನಾನು ಅದನ್ನೂ ಕೇಳಿರಲಿಲ್ಲ. ನನಗೆ ಗೊತ್ತಿದ್ದಿದ್ದು 'ಹುಳ' ಒಂದೇ. ಹೆಸರು ಗೊತ್ತಿದ್ದಿದ್ರೆ ಸಿಮೆಂಟ್ ಕಲಸೋ ಮೊದಲು ಒಂದು ನಿಮಿಷ ನಿಲ್ತಿದ್ದೆ.

ಈ ಕಥೆ ಈಗ ಯಾಕೆ ಅಂದ್ರೆ, ಹೋದ ತಿಂಗಳು ನಮ್ಮ ಹಾಸ್ಟೆಲ್ ಹಿಂದಿನ ಗೋಡೆಯ ಒಂದು ಖಾಲಿ ಕಾಂಡ್ಯೂಟ್ ಪೈಪ್ ಬಾಯಲ್ಲಿ ಅದೇ ಕಂದು ಕೊಳವೆ ಕಂಡಿತು. ಎಲೆಕ್ಟ್ರಿಷಿಯನ್ ಅಣ್ಣ ಪುಟ್ಟಿ ಹಿಡ್ಕೊಂಡು ಏಣಿ ಹತ್ತಿದ್ರು. ಓಡಿ ಹೋಗಿ "ಅಣ್ಣಾ, ಅದೊಂದು ಬಿಡಿ" ಅಂದೆ. "ಕಚ್ಚಲ್ವಾ?" ಅಂದರು. ಪೈಪ್ ಹತ್ತಿರ ಕೈ ಇಟ್ಟು ತೋರಿಸಿದೆ. ನಕ್ಕು ಪಕ್ಕದ ಪೈಪಿಗೆ ಹೋದರು.

ಒಂದು ಮಾತು: ವಾಟರ್ ಟ್ಯಾಂಕ್ ಕೆಳಗೋ ಎತ್ತರದ ಸಜ್ಜಾ ಕೆಳಗೋ ದೊಡ್ಡ ಹಲಗೆ ಥರ ನೇತಾಡೋದು ಹೆಜ್ಜೇನು. ಅದರ ಹತ್ತಿರ ಹೋಗಬೇಡಿ, ಕಲ್ಲಂತೂ ಹೊಡೀಲೇಬೇಡಿ. ಆದ್ರೆ ಹಾಸ್ಟೆಲ್ ಹಿಂದೆ ಬಟ್ಟೆ ಒಣಗಿಸೋ ಜಾಗದಲ್ಲಿ, ಎಡಗಡೆಯಿಂದ ಮೂರನೇ ಪೈಪನ್ನ ಒಮ್ಮೆ ನೋಡಿ. ಯಾರಾದ್ರೂ ಮುಚ್ಚೋಕೆ ಬಂದ್ರೆ, ನಾನು ಕ್ಲಾಸಲ್ಲಿದ್ರೆ, ನೀವು ಹೇಳಿ.