ಹೇಮಾವತಿಯ ಹಿನ್ನೀರಿನಲ್ಲಿ ಒಂದು ಇಗರ್ಜಿ

ಹಾಸನದಿಂದ ಗೊರೂರಿನ ಕಡೆಗೆ ಹೊರಟು ಸುಮಾರು ಇಪ್ಪತ್ತು ಕಿಲೋಮೀಟರು ಸಾಗಿದರೆ ಶೆಟ್ಟಿಹಳ್ಳಿಯ ಬಯಲು ಸಿಗುತ್ತದೆ. ಚೈತ್ರ ವೈಶಾಖದ ದಿನಗಳಲ್ಲಿ ಇಲ್ಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಬಿರಿದ ಕೆಸರು, ಅದರ ಮೇಲೆ ಹಬ್ಬಿದ ಎಳೆಯ ಹುಲ್ಲು, ಮೇಯುತ್ತಿರುವ ದನಗಳು. ಅವುಗಳ ನಡುವೆ, ಯಾವುದೋ ಪರದೇಶದ ಚಿತ್ರಪಟದಿಂದ ಕತ್ತರಿಸಿ ತಂದು ಅಂಟಿಸಿದಂತೆ, ಮಾಡಿಲ್ಲದ ಒಂದು ದೊಡ್ಡ ಇಗರ್ಜಿ. ಅದೇ ಪ್ರವಾಸಿ ಶ್ರಾವಣ ಭಾದ್ರಪದದಲ್ಲಿ ಬಂದರೆ ದನವೂ ಇಲ್ಲ, ಹುಲ್ಲೂ ಇಲ್ಲ. ಕಣ್ಣು ಹಾಯುವವರೆಗೂ ನೀರು. ಆ ನೀರಿನಿಂದ ಮೇಲೆದ್ದ ಕಮಾನುಗಳ ನೆತ್ತಿ ಮಾತ್ರ.

ಪಾಳುಬಿದ್ದ ಕಟ್ಟಡಗಳಿಗೆ ಮನುಷ್ಯನನ್ನು ಸೆಳೆಯುವ ಶಕ್ತಿಯೊಂದುಂಟು. ಬೀಗ ಹಾಕಿದ ಅರಮನೆಗಿಂತ ಬಾಗಿಲು ಕಳಚಿದ ಮನೆಯೇ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಇಲ್ಲಿ ಯಾರು ಕುಳಿತಿದ್ದರು, ಈ ಗೂಡಿನಲ್ಲಿ ಯಾವ ದೀಪವಿತ್ತು, ಕೊನೆಯ ದಿನ ಹೊರಗೆ ಹೋದವರು ಹಿಂದಿರುಗಿ ನೋಡಿದರೆ — ಹೀಗೆ ಮನಸ್ಸು ತಾನಾಗಿ ಕತೆ ಕಟ್ಟತೊಡಗುತ್ತದೆ. ಹಾಸನದ ಸೀಮೆಯಲ್ಲಿ ಇಂಥ ಸೆಳೆತಕ್ಕೆ ಬಡತನವಿಲ್ಲ. ಹೊಳೆನರಸೀಪುರದ ದಾರಿಯಲ್ಲಿ ಮೊಸಳೆ ಎಂಬ ಪುಟ್ಟ ಊರಿನಲ್ಲಿ ನಾಗೇಶ್ವರ, ಚೆನ್ನಕೇಶವರ ಗುಡಿಗಳು ಅವಳಿ ಮಕ್ಕಳಂತೆ ಪಕ್ಕಪಕ್ಕದಲ್ಲಿ ನಿಂತಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯ ಗೋಡೆಯ ತುಂಬ ಬೈಚೋಜ, ಮಲ್ಲಿತಮ್ಮರ ಉಳಿಯ ಕೆಲಸವಿದೆ. ಆದರೆ ಇವು ಹಳೆಯವಾದರೂ ಅನಾಥವಲ್ಲ. ಇವನ್ನು ಕಟ್ಟಿದ ಅರಸೊತ್ತಿಗೆ ಹೋಗಿ ಶತಮಾನಗಳಾದವು. ಅಗಲಿಕೆಯ ನೋವು ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಶೆಟ್ಟಿಹಳ್ಳಿಯ ಕತೆ ಬೇರೆ. ಈ ಇಗರ್ಜಿಯನ್ನು ಹಾಳುಮಾಡಿದ್ದು ದಂಡೂ ಅಲ್ಲ, ಕಾಲವೂ ಅಲ್ಲ, ಒಂದು ಅಣೆಕಟ್ಟು. ಇದರೊಳಗೆ ಮೊಣಕಾಲೂರಿ ಪ್ರಾರ್ಥಿಸಿದ ಜನ ಇಂದಿಗೂ ನಮ್ಮ ನಡುವೆ ಇದ್ದಾರೆ.

ಇದು ಜಪಮಾಲೆಯ ಮಾತೆಯ ಹೆಸರಿನ ಇಗರ್ಜಿ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ, 1860ರ ಸುಮಾರಿಗೆ ಇದನ್ನು ಕಟ್ಟಿಸಿದರೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಕೆಲವರು ಇದನ್ನು ಅಬ್ಬೆ ದುಬಾಯ್ ಪಾದ್ರಿಯ ಹೆಸರಿಗೆ ಕಟ್ಟುತ್ತಾರೆ. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲೆಸಿ, ಇಲ್ಲಿಯ ಉಡುಗೆ ತೊಡುಗೆ ಊಟ ಉಪಚಾರಗಳನ್ನೇ ಅಳವಡಿಸಿಕೊಂಡು, ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿ ಊರೂರು ಅಲೆದು, ಹಿಂದೂಗಳ ಆಚಾರ ವ್ಯವಹಾರಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದ ಆ ಪಾದ್ರಿಯ ಹೆಸರು ಈ ಕಡೆಯ ಕ್ರೈಸ್ತ ಒಕ್ಕಲುಗಳ ನಡುವೆ ಉಳಿದಿರುವುದು ಸಹಜವೇ. ಆದರೆ ಆತ 1823ರಲ್ಲಿಯೇ ಸ್ವದೇಶಕ್ಕೆ ಮರಳಿ, 1848ರಲ್ಲಿ ತೀರಿಕೊಂಡ. 1860ರ ಲೆಕ್ಕ ಸರಿಯಾದರೆ ಈ ಕಮಾನುಗಳು ಅವನವಾಗಲಾರವು. ಜನರ ನೆನಪು ಪ್ರೀತಿಸಿದವರ ಹೆಸರಿಗೆ ಎಲ್ಲವನ್ನೂ ಬರೆದುಬಿಡುತ್ತದೆ.

ಕಟ್ಟಡವನ್ನು ಸಾವಕಾಶವಾಗಿ ನೋಡಬೇಕು. ಇದು ಗಾಥಿಕ್ ಶೈಲಿಯದು. ಕಮಾನು ದುಂಡಾಗಿ ಬಾಗದೆ ತುದಿಯಲ್ಲಿ ಚೂಪಾಗಿ, ಎರಡು ಕೈ ಜೋಡಿಸಿದಂತೆ ಮೇಲೇರುತ್ತದೆ. ಎರಡು ಬದಿಯ ಕಂಬಗಳ ಸಾಲಿನ ನಡುವೆ ನಡೆದರೆ ನೋಟ ತಾನೇತಾನಾಗಿ ಬಲಿಪೀಠದ ಕಡೆಗೆ ಹರಿಯುತ್ತದೆ. ಶಿಲ್ಪಿ ಬಯಸಿದ್ದೂ ಅದನ್ನೇ. ಈಗ ಅಲ್ಲಿ ಪೀಠವಿಲ್ಲ, ನೆಲಗಟ್ಟಿಲ್ಲ, ಮೇಲೆ ಮಾಡಿಲ್ಲ. ಮಾಡಿನ ಬದಲಿಗೆ ಆಕಾಶ. ಬಣ್ಣದ ಗಾಜಿನಿಂದ ಸೋಸಿ ಬರುತ್ತಿದ್ದ ಬೆಳಕು ಈಗ ಯಾವ ಅಡ್ಡಿಯೂ ಇಲ್ಲದೆ ಕೆಸರಿನ ಮೇಲೆ ಬೀಳುತ್ತದೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಿಂದಲೇ ಗೋಡೆ ಇಷ್ಟು ವರ್ಷ ನೀರಿಗೆ ಎದೆಗೊಟ್ಟಿದೆಯೆಂದು ಸುತ್ತಿನವರು ಹೇಳುತ್ತಾರೆ. ಹಳೆಯ ಗಟ್ಟಿ ಗೋಡೆ ಕಂಡಲ್ಲೆಲ್ಲ ಈ ಮಾತು ಕೇಳಿಬರುವುದುಂಟು.

ಹೇಮಾವತಿ ಹುಟ್ಟುವುದು ಮೂಡಿಗೆರೆಯ ಕಡೆಯ ಮಲೆಯಲ್ಲಿ. ಸಕಲೇಶಪುರವನ್ನು ಹಾದು ಬಂದು, ಯಗಚಿಯನ್ನು ಕೂಡಿಕೊಂಡು, ಗೊರೂರನ್ನೂ ಹೊಳೆನರಸೀಪುರವನ್ನೂ ಸೋಕಿ ಮುಂದೆ ಕಾವೇರಿಯನ್ನು ಸೇರುತ್ತದೆ. ‘ಹಳ್ಳಿಯ ಚಿತ್ರಗಳು’ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ನಾಡಿಗೆ ಪರಿಚಯಿಸಿದ ಹೊಳೆ ಇದೇ. ಅವರ ಊರಿನ ಪಕ್ಕದಲ್ಲಿಯೇ 1979ರಲ್ಲಿ ಅಣೆಕಟ್ಟೆಯ ಕೆಲಸ ಮುಗಿಯಿತು. ಉದ್ದ 4,692 ಮೀಟರು, ಎತ್ತರ 58 ಮೀಟರು, ತುಂಬಿದರೆ ಸುಮಾರು 37 ಟಿ.ಎಂ.ಸಿ. ನೀರು. ಕಟ್ಟೆಯ ಕೆಳಗಿದ್ದ ಗೊರೂರು ಉಳಿಯಿತು. ಮೇಲಿದ್ದ ಶೆಟ್ಟಿಹಳ್ಳಿಯಂಥ ಊರುಗಳ ಜನ ಗಂಟುಮೂಟೆ ಕಟ್ಟಿದರು. ಮನೆಯ ತೊಲೆ, ಹೆಂಚು, ಬಾಗಿಲುಗಳನ್ನು ಗಾಡಿಯ ಮೇಲೆ ಹೇರಬಹುದು. ಇಗರ್ಜಿಯನ್ನು ಹೇರುವ ಗಾಡಿ ಎಲ್ಲಿದೆ?

ಇಲ್ಲಿ ಒಂದು ಹೋಲಿಕೆ ನೆನಪಿಗೆ ಬರುತ್ತದೆ. ಹೇಮಾವತಿ ಹೋಗಿ ಸೇರುವ ಕೃಷ್ಣರಾಜಸಾಗರದಲ್ಲಿಯೂ ಒಂದು ಗುಡಿ ಮುಳುಗಿತ್ತು — ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯದು. ಬರ ಬಂದು ನೀರು ತಗ್ಗಿದ ವರ್ಷಗಳಲ್ಲಿ ಮಾತ್ರ ಅದು ತಲೆಯೆತ್ತುತ್ತಿತ್ತು. ಈ ಶತಮಾನದ ಆರಂಭದಲ್ಲಿ ಖಾಸಗಿ ದತ್ತಿಯೊಂದು ಮುಂದೆ ಬಂದು, ಕಲ್ಲು ಕಲ್ಲನ್ನೂ ಕಳಚಿ, ಗುರುತು ಹಾಕಿ, ದಡದ ಮೇಲೆ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿತು. ಕಲ್ಲಿನ ಗುಡಿಗೆ ಆ ಅನುಕೂಲವುಂಟು; ಕಲ್ಲನ್ನು ಕಲ್ಲಿಗೆ ಕೂರಿಸಿ ಕಟ್ಟಿದ್ದನ್ನು ಬಿಚ್ಚಬಹುದು. ಇಟ್ಟಿಗೆ ಗಾರೆಯ ಕಟ್ಟಡವನ್ನು ಬಿಚ್ಚಿದರೆ ಕೈಗೆ ಬರುವುದು ಪುಡಿ ಮಾತ್ರ. ಶೆಟ್ಟಿಹಳ್ಳಿಯ ಇಗರ್ಜಿ ಎಲ್ಲಿದೆಯೋ ಅಲ್ಲಿಯೇ ಇರಬೇಕು, ಅಲ್ಲಿಯೇ ಕರಗಬೇಕು.

ಕರಗುತ್ತಲೂ ಇದೆ. ನೀರು ಸದಾ ಒಂದೇ ಮಟ್ಟದಲ್ಲಿ ನಿಂತಿದ್ದರೆ ಗೋಡೆಗೆ ಇಷ್ಟು ಕೇಡಾಗುತ್ತಿರಲಿಲ್ಲವೇನೋ. ಇಲ್ಲಿ ಪ್ರತಿ ವರ್ಷವೂ ಏರಿಳಿತ. ಮಳೆಗಾಲದಲ್ಲಿ ಗಾರೆ ನೆನೆದು ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅಲೆ ಬಡಿಯುವ ಎತ್ತರದಲ್ಲಿ ಇಟ್ಟಿಗೆ ಒಂದೊಂದಾಗಿ ಸಡಿಲುತ್ತದೆ. ಬಿರುಕಿನಲ್ಲಿ ಹಕ್ಕಿ ಉದುರಿಸಿದ ಬೀಜ ಬೇರು ಬಿಡುತ್ತದೆ. ಸಾಲದುದಕ್ಕೆ ಬಂದವರ ಕೈಚಳಕ ಬೇರೆ. ಹೃದಯದ ಚಿತ್ರ ಕೆತ್ತಿ ಎರಡು ಹೆಸರು ಬರೆದು ಹೋಗುವವರಿಗೆ ಈ ಗೋಡೆಯೇ ಬೇಕು! ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಗಳಿಗೂ ಇದು ಈಗ ಅಚ್ಚುಮೆಚ್ಚಿನ ತಾಣ. ಇದೇ ಇಗರ್ಜಿಯಲ್ಲಿ ಮದುವೆಯಾದವರು ಆ ಚಿತ್ರಗಳನ್ನು ಕಂಡರೆ ಏನೆಂದುಕೊಂಡಾರು?

ಹಾಗೆಂದು ಅಣೆಕಟ್ಟನ್ನು ಬರಿದೆ ಹಳಿಯುವುದೂ ನ್ಯಾಯವಲ್ಲ. ಇಗರ್ಜಿಯನ್ನು ನುಂಗಿದ ನೀರೇ ಬಲದಂಡೆಯ ಕಾಲುವೆಗಳಿಂದ ಅರಕಲಗೂಡು, ಹೊಳೆನರಸೀಪುರಗಳ ಹೊಲಗಳಿಗೆ ಇಳಿಯುತ್ತದೆ. ಎಡದಂಡೆಯ ಕಾಲುವೆ ಚನ್ನರಾಯಪಟ್ಟಣದ ಬಯಲನ್ನು ಹೊಕ್ಕು, ಬಾಗೂರು ನವಿಲೆಯ ಸುರಂಗದಲ್ಲಿ ಗುಡ್ಡವನ್ನು ಕೊರೆದು ತುಮಕೂರಿನವರೆಗೂ ಹೋಗುತ್ತದೆ. ನುಗ್ಗೇಹಳ್ಳಿಯ ಗುಡಿ ನೋಡಲು ಹೋಗುವ ಪ್ರವಾಸಿ ದಾರಿಯಲ್ಲಿ ಕಾಲುವೆಯ ಏರಿಯ ಮೇಲೆ ಒಂದು ಗಳಿಗೆ ನಿಂತರೆ, ಕೆಳಗೆ ಹರಿಯುವ ನೀರು ಆ ಕಮಾನುಗಳನ್ನು ಸುತ್ತಿ ಬಂದದ್ದೇ ಇರಬಹುದು. ಅದನ್ನು ಹಾಯಿಸಿಕೊಳ್ಳುವ ರೈತನಿಗೆ ಶೆಟ್ಟಿಹಳ್ಳಿಯ ಹೆಸರು ಗೊತ್ತಿರಬೇಕೆಂದಿಲ್ಲ.

ನೋಡಬಯಸುವವರು ಎರಡು ಸಲ ಹೋಗಬೇಕು. ಬೇಸಿಗೆಯಲ್ಲಿ ಹೋದರೆ ಒಳಗೆ ಕಾಲಿಡಬಹುದು. ಗೋಡೆಗಳು ಶಿಥಿಲವಾಗಿರುವುದರಿಂದ ಕಮಾನಿನ ಕೆಳಗೆ ಹೆಚ್ಚು ಹೊತ್ತು ನಿಲ್ಲದಿರುವುದು ಮೇಲು, ಮೇಲೆ ಹತ್ತುವ ಸಾಹಸವಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಹೋದರೆ ದಡದಲ್ಲಿ ನಿಂತು ನೋಡುವುದಷ್ಟೆ. ಘಟ್ಟದ ಮೇಲೆ ಆರಿದ್ರಾ ಮಳೆ ಹಿಡಿಯಿತೆಂದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ, ಬಯಲಿನಲ್ಲಿ ಕೆಂಪು ನೀರು ಸದ್ದಿಲ್ಲದೆ ಹರಡತೊಡಗುತ್ತದೆ. ದನ ಕಾಯುವವರು ದಿನದಿನಕ್ಕೆ ದಿಬ್ಬದ ಕಡೆಗೆ ಸರಿಯುತ್ತಾರೆ. ನೀರು ಮೊದಲು ಹೊಸ್ತಿಲಿದ್ದ ಜಾಗವನ್ನು ದಾಟುತ್ತದೆ, ಆಮೇಲೆ ಕಂಬದ ಬುಡ, ಆಮೇಲೆ ಕಿಟಕಿ. ಕೆಲವು ವಾರ ಕಳೆದರೆ, ಜನ ಸಾಲುಗಟ್ಟಿ ಒಳಗೆ ಬರುತ್ತಿದ್ದ ದಾರಿಯ ಮೇಲೆಯೇ ಹರಿಗೋಲೊಂದು ತಿರುಗುತ್ತ ತಿರುಗುತ್ತ ತೇಲಿಬರುತ್ತದೆ.