ನಾಲ್ಕು ಚುಕ್ಕೆಯ ಲೆಕ್ಕ

ದಾವಣಗೆರೆಯ ಕಣ್ಣಾಸ್ಪತ್ರೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದ್ದು 1984ರಲ್ಲಿ. ಸಂಬಳ 450 ರೂಪಾಯಿ, ಬೆಣ್ಣೆದೋಸೆಗೆ ಒಂದೂವರೆ. ಕತ್ತಲೆ ಕೋಣೆಯಲ್ಲಿ ಹಳೇ ಧೋತರದ ತುಂಡು ಹೊದ್ದು ಕೂತಿದ್ದ ಬಾಶ್ ಅಂಡ್ ಲಾಂಬ್ ಕೆರಟೋಮೀಟರು ನನ್ನ ಸುಪರ್ದಿಗೆ ಬಂತು. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ. ಅದರ ಬಾಗು ಅಳೆಯುವುದು ಇದರ ಕೆಲಸ. ಬಲ್ಬು ಹೊತ್ತಿದ ಕೂಡಲೇ ಧೂಳು ಸುಟ್ಟ ವಾಸನೆ. ಸಂಜೆ ಬಿಳಿ ಕೋಟು ಬಿಚ್ಚದೆ ಮನೆತನಕ ನಡೆದುಬರುತ್ತಿದ್ದೆ, ಜಗುಲಿ ಮೇಲೆ ಕೂತವರು ಡಾಕ್ಟರೇ ಅಂದುಕೊಳ್ಳಲಿ ಎಂದು. ಅವ್ವ ಮಾತ್ರ, "ನಾಗಂದಿಗೆ ಮೇಲಿನ ಜೋಳದ ಗಡಿಗೆ ಇಳಿಸು ಬಾ" ಅನ್ನುತ್ತಿದ್ದಳು.

ಕೊಳವೆಯೊಳಗೆ ಮೂರು ಬೆಳಕಿನ ಉಂಗುರಗಳು ಕಾಣುತ್ತಿದ್ದವು. ಒಂದು ತಿರುಪು ತಿರುಗಿಸಿ ಅಡ್ಡಸಾಲಿನ ಕೂಡು ಚಿಹ್ನೆಗಳನ್ನು ಒಂದರ ಮೇಲೊಂದು ಕೂರಿಸಬೇಕು, ಇನ್ನೊಂದರಿಂದ ಉದ್ದಸಾಲಿನ ಕಳೆ ಚಿಹ್ನೆಗಳನ್ನು. ಬಲಗಡೆ ಕೆಳಗಿನ ಉಂಗುರ ಎರಡಾಗಿ ಕಂಡರೆ ಫೋಕಸ್ ತಪ್ಪಿದೆ ಎಂದರ್ಥ. ಅಡ್ಡಕ್ಕೆ 43.50, ಉದ್ದಕ್ಕೆ 44.25 ಡಯಾಪ್ಟರ್ (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ) ಎಂದು ಬರೆದುಕೊಂಡಾಗ ಇಡೀ ಕಣ್ಣನ್ನೇ ಅಳೆದ ಹೆಮ್ಮೆ ನನಗೆ. ಆದರೆ ಅಳೆದದ್ದು ಸುಮಾರು ಮೂರು ಮಿಲಿಮೀಟರ್ ಅಗಲದ ವೃತ್ತದ ಮೇಲಿನ ನಾಲ್ಕೇ ಚುಕ್ಕೆ.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಜವಾಲ್-ಶಿಯೋಟ್ಸ್ ಪಕ್ಷದವರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಕೆರಟೋಮೀಟರ್ ಮಾದರಿ ಅದು. ಅದರಲ್ಲಿ ಕೆಂಪು-ಹಸಿರು ಆಕೃತಿಗಳು, ಒಂದಕ್ಕೆ ಮೆಟ್ಟಿಲು. ಒಂದು ಮೆಟ್ಟಿಲಿನಷ್ಟು ಒಂದರ ಮೇಲೊಂದು ಹತ್ತಿದರೆ ಒಂದು ಡಯಾಪ್ಟರ್ ಸಿಲಿಂಡರ್, ಅಂದರೆ ಎರಡು ದಿಕ್ಕಿನ ಬಾಗಿನ ವ್ಯತ್ಯಾಸ. ಲೆಕ್ಕ ಕಣ್ಣಿಗೇ ಕಾಣುತ್ತದೆ ಎಂಬುದು ಅವರ ವಾದ. ಎರಡನೇ ಅಳತೆಗೆ ಅದನ್ನು ಅಡ್ಡ ತಿರುಗಿಸಬೇಕು, ಅಷ್ಟರಲ್ಲಿ ಎದುರು ಕೂತ ಅಜ್ಜ ಗಲ್ಲ ಸರಿಸಿರುತ್ತಾನೆ ಎಂಬುದು ನನ್ನ ವಾದ. ಕಾಲು ಡಯಾಪ್ಟರಿಗಾಗಿ ಕಾಫಿ ಆರಿಹೋಗುವವರೆಗೆ ಜಗಳವಾಡಿದ್ದೆವು.

ಹಳ್ಳಿಯಿಂದ ಬಂದ ಒಬ್ಬ ಅಜ್ಜಿಯ ಕಣ್ಣಲ್ಲಿ ಉಂಗುರಗಳು ನಿಲ್ಲದೆ ಈಜಾಡಿದವು. ತಿರುಪು ತಿರುಗಿಸಿ ಸೋತೆ. ಆಮೇಲೆ ಮೂಗಿಗೆ ಬಂತು: ಹರಳೆಣ್ಣೆ! ರಾತ್ರಿ ಗಿಂಡಿಯಿಂದ ಎರಡು ಹನಿ ಬಿಟ್ಟುಕೊಂಡು ಬಂದಿದ್ದರು, "ಕಣ್ಣು ತಂಪಾಗ್ಲಿ ಅಂತ". ಅಳತೆ ಮರುದಿನಕ್ಕೆ ಹೋಯಿತು. ಯಂತ್ರದ ಹಣೆಪಟ್ಟಿಗೆ ಮೆತ್ತಿದ ವಿಭೂತಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುವುದೂ ನನ್ನ ಕೆಲಸದ ಭಾಗವೇ ಆಗಿತ್ತು.

ಕಣ್ಣು ಉಜ್ಜುತ್ತಲೇ ಇದ್ದ ಕಾಲೇಜು ಹುಡುಗನೊಬ್ಬ ಬಂದ. ಅವನ ಅಳತೆ 52ರ ಗಡಿ ದಾಟಿ ತಿರುಪು ಮುಗಿದುಹೋಯಿತು. ಕೊಳವೆಯ ಮುಂದೆ +1.25ರ ಗಾಜು ಅಂಟಿಸಿದರೆ 61ರವರೆಗೆ ಎಳೆಯಬಹುದಿತ್ತು. ಅಂಟಿಸಿದರೂ ಚಿಹ್ನೆಗಳು ಸೊಟ್ಟಗೇ ನಿಂತವು. ಡಾಕ್ಟರು ಗೂಡಿನಿಂದ ಪ್ಲಾಸಿಡೋ ತಟ್ಟೆ ತೆಗೆದರು. ಕಪ್ಪು-ಬಿಳಿ ಸುತ್ತುಗಳ ಬೀಸಣಿಗೆಯಂತಿದ್ದ ಅದರ ನಡುವಿನ ತೂತಿನಿಂದ ನೋಡಿದರೆ, ಅವನ ಕಣ್ಣಲ್ಲಿ ಸುತ್ತುಗಳು ಕೆಳಕ್ಕೆ ಜಗ್ಗಿ ಮೊಟ್ಟೆಯಾಕಾರವಾಗಿದ್ದವು. ಕೆರಟೋಕೋನಸ್, ಕಾರ್ನಿಯಾ ಶಂಕುವಿನಂತೆ ಚೂಪಾಗುವ ರೋಗ. ಅಂಕಿ ಹೇಳದ್ದನ್ನು ಆ ಗೆರೆಗಳು ಹೇಳಿದವು.

ಮೊದಲೆಲ್ಲ ಪೊರೆ ತೆಗೆದವರಿಗೆ ಸೋಡಾಬುಡ್ಡಿ ಕನ್ನಡಕ ಕೊಟ್ಟು ಕಳಿಸುತ್ತಿದ್ದರು, ಬಾಗಿನ ಅಳತೆ ಕೇಳುವವರೇ ಕಡಿಮೆ. ಕಣ್ಣೊಳಗಿನ ಲೆನ್ಸು ಬಂದ ಮೇಲೆ ನನ್ನ ಬೆಲೆ ಏರಿತು. ಆ ಲೆನ್ಸಿನ ಶಕ್ತಿ ಲೆಕ್ಕ ಹಾಕುವ ಆಗಿನ ಎಸ್‌ಆರ್‌ಕೆ ಸೂತ್ರದಲ್ಲಿ ನಾನು ಒಂದು ಡಯಾಪ್ಟರ್ ತಪ್ಪಿದರೆ ಲೆನ್ಸಿನ ಲೆಕ್ಕ 0.9 ತಪ್ಪುತ್ತಿತ್ತು. ಅದಕ್ಕೇ ಬಾಗು ಗೊತ್ತಿರುವ ಉಕ್ಕಿನ ಗುಂಡನ್ನು ಇಟ್ಟು ಯಂತ್ರವನ್ನು ಆಗಾಗ ಪರೀಕ್ಷಿಸತೊಡಗಿದೆ.

ಆಮೇಲೆ ಟಿಕ್ ಎಂದು ಚೀಟಿ ಉಗುಳುವ ಯಂತ್ರ ಬಂತು, ಅದರ ಹಿಂದೆ ಬಣ್ಣದ ನಕ್ಷೆ ಬಿಡಿಸುವ ಟೊಪೋಗ್ರಫಿ, ಪೆಂಟಾಕ್ಯಾಮ್ ಎಂಬ ಕ್ಯಾಮೆರಾ. ಹೊಸ ಹುಡುಗರು ಒಂದೇ ಕಣ್ಣಿಗೆ ಮೂರು ಯಂತ್ರದ ಮೂರು ಅಂಕಿ ಹಿಡಿದು "ಸರ್, ಯಾವುದು ನಿಜ?" ಎಂದು ಬರುತ್ತಿದ್ದರು. ಒಂದು ಒಳಸುತ್ತನ್ನು ಮುಟ್ಟುತ್ತದೆ, ಇನ್ನೊಂದು ಹೊರಸುತ್ತನ್ನು. ಕಾರ್ನಿಯಾ ಅಂಚಿಗೆ ಹೋದಂತೆ ಚಪ್ಪಟೆಯಾಗುತ್ತದೆ. ಅಂಕಿ ಬೇರೆಯಾಗದೆ ಇನ್ನೇನು?

ನನ್ನ ಹಳೇ ಯಂತ್ರ ಮೂಲೆ ಸೇರಿದ್ದಕ್ಕೆ ನನಗೆ ದುಃಖವಿಲ್ಲ. ಅದು ಕಾರ್ನಿಯಾದ ಮುಂಬದಿಯನ್ನಷ್ಟೇ ನೋಡಿ, ಹಿಂಬದಿಯನ್ನು 1.3375 ಎಂಬ ವಕ್ರೀಭವನ ಸೂಚ್ಯಂಕದ ಅಂದಾಜಿನಲ್ಲಿ ಸೇರಿಸಿಕೊಳ್ಳುತ್ತಿತ್ತು. ಮೈನಸ್ ನಂಬರು ಕಳೆಯಲು ಲೇಸಿಕ್ ಮಾಡಿಸಿಕೊಂಡವರು ಪೊರೆ ಬಂದು ಮರಳಿದಾಗ ಆ ಅಂದಾಜು ಕೈಕೊಟ್ಟಿತು. ಮುಂಬದಿ ಮಾತ್ರ ಚಪ್ಪಟೆಯಾಗಿತ್ತಲ್ಲ! ಶಕ್ತಿ ಹೆಚ್ಚಾಗಿ ತೋರಿ, ಲೆನ್ಸು ಕಡಿಮೆ ಬಿದ್ದು, ಅವರಿಗೆ ಪ್ಲಸ್ ನಂಬರು ಉಳಿಯುತ್ತಿತ್ತು. ಹಿಂಬದಿಯನ್ನೂ ಅಳೆಯುವ ಕ್ಯಾಮೆರಾ ಬೇಕೇ ಬೇಕಿತ್ತು.

ಕಡೆಗೆ ನನಗೂ ಪೊರೆ ಬಂತು. ಮೊಮ್ಮಗಳ ವಯಸ್ಸಿನ ಹುಡುಗಿ ಕಣ್ಣಿನ ಉದ್ದ, ಬಾಗು ಎರಡನ್ನೂ ಅಳೆಯುವ ಬಯೋಮೀಟರಿನ ಮುಂದೆ ಕೂರಿಸಿದಳು. ಎಷ್ಟು ಎಂದೆ. "44.10 ಅಂಕಲ್." ಇನ್ನೊಂದರಲ್ಲೂ ನೋಡಮ್ಮ ಎಂದೆ. ಅದು 44.32 ಅಂದಿತು. ಡಾಕ್ಟರು ಮೊದಲನೆಯದನ್ನೇ ಹಿಡಿದರು, ಅವರ ಲೆನ್ಸಿನ ಲೆಕ್ಕವೆಲ್ಲ ಆ ಯಂತ್ರಕ್ಕೇ ಹೊಂದಿಸಿದ್ದು. ಈಗ ಪೇಪರು ಓದಲಷ್ಟೇ ಕನ್ನಡಕ ಹುಡುಕುತ್ತೇನೆ.