ದೋಷಶೋಧನೆ

ಮನೆಯ ಗಣಕಯಂತ್ರವು ಒಮ್ಮೊಮ್ಮೆ ಮುದಿ ಎತ್ತಿನಂತೆ ಹೆಜ್ಜೆ ಕೀಳದೆ ನಿಂತುಬಿಡುತ್ತದೆ. ಒಡೆಯನು ಮೊದಲು ಕೀಲಿಗಳನ್ನು ಕುಟ್ಟುತ್ತಾನೆ. ಬಳಿಕ ಯಂತ್ರವನ್ನೇ ಶಪಿಸುತ್ತಾನೆ. ಆದರೆ ಯಂತ್ರಕ್ಕೆ ಹಟವೆಂಬುದಿಲ್ಲ; ಅದರ ಪ್ರತಿಯೊಂದು ಜಡತೆಗೂ ಕಾರಣವೊಂದುಂಟು.

ಏಕಕಾಲದಲ್ಲಿ ಅನೇಕ ಕೆಲಸಗಳನ್ನು ತೆರೆದಿಟ್ಟರೆ ಅದರ ಸ್ಮೃತಿಕೋಶವು ತುಂಬಿಹೋಗುತ್ತದೆ. ಆಗ ಅದು ಮಾಹಿತಿಯನ್ನು ನಿಧಾನಗತಿಯ ಹಾರ್ಡ್ ಡಿಸ್ಕಿನಲ್ಲಿರಿಸಿ, ಬೇಕಾದಾಗ ಮರಳಿ ತರುತ್ತದೆ. ಕಾಲವೆಲ್ಲ ಈ ಓಡಾಟದಲ್ಲಿಯೇ ಕಳೆಯುತ್ತದೆ. ಒಳಗಿನ ಫ್ಯಾನಿಗೆ ಧೂಳು ಮೆತ್ತಿದರೆ ಪ್ರೊಸೆಸರ್ ಕಾವೇರುತ್ತದೆ. ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೊರಗೆ ಕಾಣುವ ಲಕ್ಷಣವೊಂದೇ. ಒಳಗಿನ ಕಾರಣಗಳು ಬೇರೆ ಬೇರೆ.

ಕಾರಣವನ್ನು ಅರಸುವ ಕ್ರಮಕ್ಕೆ ಹಳೆಯ ನಿದರ್ಶನವೊಂದಿದೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್-2 ಗಣಕವು ತಪ್ಪೆಸಗಿತು. ಅಲ್ಲಿಯವರು ಒಳಗೆ ಹುಡುಕಿದಾಗ, 70ನೆಯ ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ದಿನವಹಿಯ ಪುಟಕ್ಕೆ ಅಂಟಿಸಿ, ವೇಳೆಯನ್ನೂ ಸ್ಥಾನವನ್ನೂ ಬರೆದಿಟ್ಟರು. ದೊರೆತದ್ದು ಅಲ್ಪಜೀವಿಯಾದರೂ, ಅದನ್ನು ದಾಖಲಿಸಿದ ಶ್ರದ್ಧೆ ಅಲ್ಪವಲ್ಲ.

ಮನೆಯ ಯಂತ್ರದ ಒಡೆಯನು ಕಲಿಯಬೇಕಾದುದೂ ಇದನ್ನೇ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಫಲವನ್ನು ನೋಡಬೇಕು, ಕಂಡದ್ದನ್ನು ಬರೆದಿಡಬೇಕು. ಹತ್ತನ್ನು ಒಟ್ಟಿಗೆ ಬದಲಿಸಿದವನ ಯಂತ್ರವು ದೈವವಶಾತ್ ಸರಿಹೋಗಬಹುದು. ಆದರೆ ಏಕೆ ಸರಿಹೋಯಿತೆಂಬುದನ್ನು ಅವನು ಅರಿಯನು. ಯಂತ್ರವು ಮರಳಿ ಕೆಟ್ಟ ದಿನ ಅವನು ಮೊದಲಿನಷ್ಟೇ ಅಸಹಾಯಕನಾಗಿ ಕೀಲಿಗಳನ್ನು ಕುಟ್ಟುತ್ತ ಕುಳಿತಿರುತ್ತಾನೆ.